ಈಚೆಗೆ ನಾನು ಓದಿದ ಪುಸ್ತಕಗಳು

ಈಚೆಗೆ ಓದಿದ ಪುಸ್ತಕಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನನಗೆ ಸಂತೋಷವೂ ಆಯಿತು, ಜೊತೆಗೆ ಸಂಕೋಚವೂ ಆಯಿತು. ಪುಸ್ತಕದ ವಿಚಾರ ಮಾತನಾಡುವುದೆಂದರೆ ಯಾವ ಓದುಗನಿಗೆ ತಾನೆ ಇಷ್ಟವಿಲ್ಲ? ಆದರೆ ನಾನು ವಿಮರ್ಶಕನಲ್ಲ, ವಿದ್ವಾಂಸನೂ ಅಲ್ಲ. 34 ವರ್ಷ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಒಬ್ಬ ಮೇಷ್ಟರು. ಪುಸ್ತಕಗಳನ್ನು ತೂಗಿ ಬೆಲೆ ಕಟ್ಟುವ ತಕ್ಕಡಿ ನನ್ನಲ್ಲಿಲ್ಲ. ಓದುವಾಗ ನನಗೆ ಏನನ್ನಿಸಿತು, ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಕೇಳುಗರು ಇದನ್ನು ಒಬ್ಬ ಸಾಮಾನ್ಯ ಓದುಗನ ವರದಿಯೆಂದು ಭಾವಿಸಿದರೆ ಸಾಕು.

ಇನ್ನೊಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪುಸ್ತಕಗಳಲ್ಲಿ ಹೆಚ್ಚಿನವನ್ನು ನಾನು ಓದಲಿಲ್ಲ, ಕೇಳಿದೆ. ನನ್ನ ಎರಡು ಕಣ್ಣುಗಳಿಗೂ ಪೊರೆ ಬಂದು, ಒಂದಾದ ಮೇಲೊಂದರಂತೆ ಶಸ್ತ್ರಚಿಕಿತ್ಸೆಯಾಯಿತು. ಹಳೆಯ ಕನ್ನಡಕ ಹೊಂದುವುದಿಲ್ಲ. ಹೊಸದನ್ನು ಬರೆದುಕೊಡಬೇಕಾದರೆ ಎರಡು ಕಣ್ಣೂ ಒಂದು ಸ್ಥಿತಿಗೆ ಬರಬೇಕು. ಹೀಗೆ ಸುಮಾರು ಮೂರು ತಿಂಗಳು ಪುಸ್ತಕ ನನ್ನ ಕೈಯಲ್ಲಿತ್ತು, ಅಕ್ಷರ ಕಣ್ಣಿಗೆ ಸಿಕ್ಕುತ್ತಿರಲಿಲ್ಲ. ಬೆಳಗಿನ ಕಾಫಿಯಾದ ಕೂಡಲೇ ಏನಾದರೂ ಓದಿ ರೂಢಿಯಾದವನಿಗೆ ಇದು ಎಂಥ ಉಪವಾಸವೆಂಬುದನ್ನು ಅನುಭವಿಸಿದವರೇ ಬಲ್ಲರು. ನನ್ನ ಕಸಿವಿಸಿಯನ್ನು ನೋಡಲಾರದೆ ಬಿ.ಎಸ್‌ಸಿ. ಓದುತ್ತಿರುವ ಮೊಮ್ಮಗಳು ಒಂದು ದಿನ, “ತಾತ, ದಿನಾ ಸಂಜೆ ಒಂದು ಗಂಟೆ ನಾನೇ ಓದಿ ಹೇಳುತ್ತೇನೆ, ಆದರೆ ನಗಬಾರದು” ಎಂದಳು. ಅವಳು ಒಂದನೆಯ ತರಗತಿಯಿಂದ ಇಂಗ್ಲಿಷಿನಲ್ಲಿ ಕಲಿತವಳು. ಹಣ ಎಣಿಸುವವರ ಹಾಗೆ ಒಂದೊಂದೇ ಅಕ್ಷರವನ್ನು ಎಣಿಸಿ ಓದುತ್ತಾಳೆ. ನಾನು ನಗಲಿಲ್ಲ. ಆ ನಿಧಾನವೇ ನನಗೆ ಮುಂದೆ ಉಪಕಾರವಾಯಿತು.

ಯಾವ ಪುಸ್ತಕದಿಂದ ಮೊದಲು ಮಾಡಬೇಕು? ಓದುವವಳು ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಕೇಳುವವನು ಕನ್ನಡದ ಮೇಷ್ಟರು. ಇಬ್ಬರಿಗೂ ಸಲ್ಲುವವರು ಬಿ. ಜಿ. ಎಲ್. ಸ್ವಾಮಿ. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ‘ಹಸುರು ಹೊನ್ನು’ ಗ್ರಂಥಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ನಾವು ಆರಿಸಿಕೊಂಡದ್ದು ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಹೆಸರು ಕೇಳಿದೊಡನೆಯೇ ಮೊಮ್ಮಗಳಿಗೆ ನಗು ಬಂತು. ಆದರೆ ಹೆಸರಿನಲ್ಲಿರುವುದು ಬರಿಯ ತಮಾಷೆಯಲ್ಲ, ಚರಿತ್ರೆ. ನಾವು ದಿನವೂ ‘ನಮ್ಮದು’ ಎಂದು ಉಣ್ಣುವ ಎಷ್ಟೋ ಕಾಯಿ, ಹಣ್ಣು, ಗೆಡ್ಡೆಗಳು ಕಡಲಾಚೆಯ ಅಮೆರಿಕ ಖಂಡದಿಂದ ಬಂದವು ಎಂಬುದೇ ಅದರ ವಸ್ತು.

ಆ ಸಂಜೆ ನಾವಿಬ್ಬರೂ ನಮ್ಮ ಅಡಿಗೆಮನೆಯ ಪಟ್ಟಿ ಮಾಡಿದೆವು. ಆಲೂಗಡ್ಡೆ ಆಂಡೀಸ್ ಪರ್ವತದ್ದು. ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಗೋಡಂಬಿ ಬ್ರೆಜಿಲಿನದು. ಟೊಮ್ಯಾಟೊ, ಮೆಣಸಿನಕಾಯಿ, ಸೀಬೆ, ಅನಾನಸು, ಪರಂಗಿ ಎಲ್ಲವೂ ಆ ಕಡೆಯಿಂದಲೇ ಬಂದವು. ಕೊಲಂಬಸನು ಅಮೆರಿಕ ಮುಟ್ಟಿದ್ದು 1492ರಲ್ಲಿ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಕ್ಕೆ ಮುಂಚಿನ ಕನ್ನಡಿಗನು ಸಾರಿಗೆ ಮೆಣಸು ಹಾಕುತ್ತಿದ್ದನೇ ಹೊರತು ಮೆಣಸಿನಕಾಯಿಯನ್ನು ಕಂಡವನಲ್ಲ. ಹೊಸ ಪದಾರ್ಥ ಬಂದಾಗ ನಮ್ಮ ಜನ ಅದಕ್ಕೆ ಹೊಸ ಹೆಸರನ್ನು ಹುಡುಕುತ್ತ ಕೂರಲಿಲ್ಲ. ಖಾರವಾಗಿದೆಯೋ, ‘ಮೆಣಸಿನಕಾಯಿ’ ಎಂದರು. ಕಡಲೆಯಂತಿದೆಯೋ, ‘ಕಡಲೆಕಾಯಿ’ ಎಂದರು. ಪರಂಗಿಯವರ ಹಣ್ಣನ್ನು ‘ಪರಂಗಿ’ ಎಂದೇ ಕರೆದರು. ಭಾಷೆ ಹೊಸಬರನ್ನು ಮನೆಗೆ ಸೇರಿಸಿಕೊಳ್ಳುವ ರೀತಿ ಇದು.

ಈ ಪುಸ್ತಕ ಕೇಳುವಾಗ ನನ್ನ ತಾಯಿಯ ನೆನಪಾಯಿತು. ನಮ್ಮ ಮನೆಯಲ್ಲಿ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿಯಿಲ್ಲ, ಮೆಣಸು. ಆಲೂಗಡ್ಡೆಯಿಲ್ಲ, ಬಾಳೆಕಾಯಿ. ಟೊಮ್ಯಾಟೊ ಒಲೆಯ ಹತ್ತಿರ ಸುಳಿಯುವಂತಿಲ್ಲ. ಏಕೆಂದು ಕೇಳಿದರೆ, “ಪಿತೃಗಳಿಗೆ ಆಗುವುದಿಲ್ಲ” ಎನ್ನುತ್ತಿದ್ದರು. ಅದು ಮಡಿಯ ಮಾತೆಂದೇ ಇಷ್ಟು ಕಾಲ ಭಾವಿಸಿದ್ದೆ. ಈಗ ನೋಡಿದರೆ ಅದರಲ್ಲಿ ಚರಿತ್ರೆಯೂ ಇದೆ. ಆ ಪಿತೃಗಳಿಗೆ ಈ ತರಕಾರಿಗಳ ಪರಿಚಯವೇ ಇರಲಿಲ್ಲ! ನಾನು ಹೀಗೆಂದಾಗ ಮೊಮ್ಮಗಳು ಪುಸ್ತಕ ಮುಚ್ಚಿ, “ಹಾಗಾದರೆ ಯಾವುದು ತಾತ ನಮ್ಮದು?” ಎಂದು ಕೇಳಿದಳು. ನನಗೆ ಕೂಡಲೇ ಉತ್ತರ ತೋಚಲಿಲ್ಲ. ಶುದ್ಧವಾದದ್ದು, ಅಚ್ಚ ನಮ್ಮದು ಎಂದು ನಾವು ಪಟ್ಟುಹಿಡಿಯುವ ವಸ್ತುವಿನ ಬೇರನ್ನು ಕೆದಕಿದರೆ ಅದು ಎಲ್ಲಿಗೋ ಹೋಗಿ ಮುಟ್ಟುತ್ತದೆ. ಸ್ವಾಮಿಯವರ ಪುಸ್ತಕದ ಲಾಭ ಇದು. ಕೊರತೆಯೂ ಒಂದುಂಟು. ಅವರ ಹಾಸ್ಯಕ್ಕೆ ಕಡಿವಾಣವಿಲ್ಲ. ಒಂದು ಚೇಷ್ಟೆಯ ಮಾತು ಹೊಳೆದರೆ ವಿಷಯವನ್ನು ಅಲ್ಲಿಯೇ ನಿಲ್ಲಿಸಿ ಅದರ ಬೆನ್ನು ಹತ್ತುತ್ತಾರೆ. ಆದರೂ, ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗುವುದಿಲ್ಲ ಎನ್ನುವವರ ಕೈಗೆ ಕೊಡಬೇಕಾದ ಮೊದಲ ಪುಸ್ತಕ ಇದೇ ಎಂದು ನನಗೆ ತೋರುತ್ತದೆ.

ಮಗನ ಪುಸ್ತಕವಾದ ಮೇಲೆ ತಂದೆಯ ಪುಸ್ತಕಕ್ಕೆ ಕೈಹಾಕಿದೆವು. ಸ್ವಾಮಿಯವರು ಡಿ. ವಿ. ಗುಂಡಪ್ಪನವರ ಮಗನೆಂಬುದು ಕೇಳುಗರಿಗೆ ತಿಳಿದದ್ದೇ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳ ಗ್ರಂಥ. ಅವುಗಳಲ್ಲಿ ‘ಕಲೋಪಾಸಕರು’ ಮತ್ತು ‘ಹೃದಯಸಂಪನ್ನರು’ ಎಂಬ ಎರಡನ್ನು ಓದಿಸಿದೆ. ನಾನು ತರುಣನಾಗಿದ್ದಾಗ ಇವನ್ನು ಓದಿ ಮೆಚ್ಚಿದವನು. ತಂದೆಯ ಗದ್ಯ ಮಗನ ಗದ್ಯದ ಹಾಗೆ ನೆಗೆಯುವುದಿಲ್ಲ. ಸಂಜೆಯ ಹೊತ್ತು ಅಂಗವಸ್ತ್ರ ಹೊದ್ದು ನಡೆಯುವ ಹಿರಿಯರಂತೆ ನಿಧಾನವಾಗಿ, ಎದುರಿಗೆ ಬಂದವರನ್ನೆಲ್ಲ ಮಾತನಾಡಿಸುತ್ತ ನಡೆಯುತ್ತದೆ. ತಾವು ಕಂಡ ಕಲಾವಿದರು, ಸಜ್ಜನರು, ಯಾರ ಬಾಯಿಗೂ ಬಾರದೆ ಮರೆಯಾಗಬಹುದಾಗಿದ್ದ ಸಾಮಾನ್ಯರು, ಇವರನ್ನೆಲ್ಲ ಡಿ.ವಿ.ಜಿ. ಕೃತಜ್ಞತೆಯಿಂದ ನೆನೆಯುತ್ತಾರೆ. ಒಬ್ಬರ ಒಂದು ಸೌಜನ್ಯದ ನಡತೆಯನ್ನು ಹತ್ತಾರು ವರ್ಷ ಮನಸ್ಸಿನಲ್ಲಿ ಕಾಪಾಡಿಕೊಂಡು ಬಂದು, ವೃದ್ಧಾಪ್ಯದಲ್ಲಿ ಬರೆದಿಡುವುದು ಸಣ್ಣ ಗುಣವಲ್ಲ. ಇಂದು ನಾವು ಒಬ್ಬರನ್ನೊಬ್ಬರು ನೆನೆಯುವುದು ಹೆಚ್ಚಾಗಿ ದೂರು ಹೇಳುವುದಕ್ಕೆ. ಅದಕ್ಕಾಗಿಯೇ ಈ ಸಂಪುಟಗಳು ಈಗಲೂ ಹಿತವೆನಿಸುತ್ತವೆ.

ಆದರೆ ಈ ಸಲ ಒಂದು ವಿಚಾರ ನನಗೆ ಹೊಸದಾಗಿ ಕಂಡಿತು. ಡಿ.ವಿ.ಜಿ.ಯವರ ಜನರು ಒಳ್ಳೆಯವರು. ಆದರೆ ಛಾಯಾಚಿತ್ರ ತೆಗೆಸಿಕೊಳ್ಳಲು ಕುಳಿತವರಂತೆ ಎಲ್ಲರೂ ಮಡಿಕೆ ಬಿಚ್ಚಿದ ಪಂಚೆಯುಟ್ಟು ಕುಳಿತಿದ್ದಾರೆ. ನಾನು ಓದಿಸಿದ ಎರಡು ಸಂಪುಟಗಳಲ್ಲಿ ಊರಿನ ಬೀದಿಗಳು ಕಂಡವು. ಊರ ಹೊರಗಿನ ಕೇರಿ ಕಾಣಲಿಲ್ಲ. ಇದು ಡಿ.ವಿ.ಜಿ.ಯವರ ಮೇಲಿನ ಆಕ್ಷೇಪಣೆಯಲ್ಲ. ಮನುಷ್ಯನು ತಾನು ನಡೆದ ಬೀದಿಯನ್ನಲ್ಲವೇ ನೆನೆಯುವುದು? ಹಾಗಾದರೆ ಆ ಇನ್ನೊಂದು ಬೀದಿಯನ್ನು ನಡೆದವರು ನೆನೆದದ್ದು ಹೇಗಿದೆ ಎಂಬ ಕುತೂಹಲ ಹುಟ್ಟಿತು. ಗ್ರಂಥಾಲಯದಿಂದ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ತರಿಸಿದೆ.

ಸಿದ್ಧಲಿಂಗಯ್ಯನವರನ್ನು ನಾನು ಅವರ ಕವಿತೆಗಳಿಂದ ಬಲ್ಲೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಕನ್ನಡದ ಕಾವ್ಯಲೋಕದಲ್ಲಿ ಗುಡುಗಿದಂತಾಯಿತು. ಅವರು 2021ರ ಜೂನ್ ತಿಂಗಳಲ್ಲಿ ಕೋವಿಡ್‌ಗೆ ತುತ್ತಾದರು. ಆ ಕವಿತೆಗಳ ಕೋಪವನ್ನೇ ಆತ್ಮಕಥೆಯಲ್ಲೂ ನಿರೀಕ್ಷಿಸಿದ್ದ ನನಗೆ ಸಿಕ್ಕಿದ್ದು ನಗೆ. ಪುಸ್ತಕದ ಆರಂಭದಲ್ಲಿಯೇ ಒಂದು ಚಿತ್ರವಿದೆ. ಬಾಲಕನೊಬ್ಬ ದೂರದಿಂದ ನೋಡುತ್ತಿದ್ದಾನೆ. ಹೊಲದಲ್ಲಿ ನೇಗಿಲು ಹೂಡಿದೆ. ನೊಗಕ್ಕೆ ಹೆಗಲು ಕೊಟ್ಟಿರುವವು ಎತ್ತುಗಳಲ್ಲ, ಇಬ್ಬರು ಮನುಷ್ಯರು. ಅವರಲ್ಲಿ ಒಬ್ಬನು ಆ ಬಾಲಕನ ತಂದೆ. ಇದನ್ನು ಲೇಖಕರು ಹೇಳುವುದು ಒಂದಿಷ್ಟೂ ದನಿಯೇರಿಸದೆ. ಮೊಮ್ಮಗಳು ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದಳು. ತಾನು ತಪ್ಪು ಓದಿದೆನೇನೋ ಎಂದು ಅವಳಿಗೆ ಅನುಮಾನ. ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅದಾದ ಮೇಲೆ ಪುಸ್ತಕ ತುಂಬ ನಗೆಯ ಪ್ರಸಂಗಗಳು. ದೆವ್ವ, ದೇವರು, ಹಾಸ್ಟೆಲಿನ ಹುಡುಗಾಟ, ಭಾಷಣದ ಗೀಳು, ಏಕಾಂತ ಬೇಕೆನಿಸಿದಾಗ ಹೋಗಿ ಕೂರುತ್ತಿದ್ದ ಸ್ಮಶಾನ, ಇವುಗಳನ್ನೆಲ್ಲ ಕೇಳಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ನನಗೆ ನೊಗ ಹೊತ್ತ ಆ ಮನುಷ್ಯನೇ ಕಣ್ಣ ಮುಂದೆ. ಸಂಕಟವನ್ನು ಸಂಕಟವಾಗಿಯೇ ಹೇಳಿದ್ದರೆ ನಾನು ಮರುಗಿ, ನಿಟ್ಟುಸಿರು ಬಿಟ್ಟು, ಮರೆತುಬಿಡುತ್ತಿದ್ದೆನೋ ಏನೋ. ನಗಿಸಿದ್ದರಿಂದ ಮರೆಯಲಾಗಲಿಲ್ಲ. ನಗುವ ಅಧಿಕಾರ ಅವರದು; ನಾನು ಕೂಡ ಅಷ್ಟು ಸಲೀಸಾಗಿ ನಗಬಹುದಿತ್ತೇ ಎಂಬ ಪ್ರಶ್ನೆ ಉಳಿಯಿತು. ಇದು ಪುಸ್ತಕದ ದೋಷವೆನ್ನುವವರೂ ಇರಬಹುದು. ನನಗೆ ಅದು ಗುಣವಾಗಿಯೇ ಕಂಡಿತು.

ಈಗ ಹೇಳಬೇಕಾದ ಪುಸ್ತಕ, ನಾನು ಈ ಭಾಷಣಕ್ಕೆ ಒಪ್ಪಿಕೊಂಡದ್ದಕ್ಕೆ ನಿಜವಾದ ಕಾರಣ. ಅದು ದೇವನೂರ ಮಹಾದೇವ ಅವರ ‘ಕುಸುಮಬಾಲೆ’.

ಕೇಳುಗರ ಮುಂದೆ ಸತ್ಯವನ್ನೇ ಹೇಳುತ್ತೇನೆ. ಈ ಕಾದಂಬರಿ 1984ರಲ್ಲಿ ಪ್ರಕಟವಾಯಿತು. ನಾನು ಒಂದೆರಡು ವರ್ಷದೊಳಗೇ ಅದನ್ನು ಕೊಂಡೆ. ಹತ್ತು ಪುಟ ಓದಿ ಕೆಳಗಿಟ್ಟೆ. ಅಧ್ಯಾಪಕರ ಕೊಠಡಿಯಲ್ಲಿ ಕುಳಿತು, “ಇದೂ ಕನ್ನಡವೇನ್ರಿ? ಇದಕ್ಕೆ ಟೀಕು ಬೇಕು” ಎಂದು ಹಾಸ್ಯ ಮಾಡಿದೆ. ಆಗ ಹಾಗೆಂದವನು ನಾನೊಬ್ಬನೇ ಅಲ್ಲ. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲೂ ನಾನು ಕಪಾಟಿನಿಂದ ಅದನ್ನು ತೆಗೆಯಲಿಲ್ಲ. ನೂರು ಪುಟದ ಆಸುಪಾಸಿನ ಆ ಪುಸ್ತಕ ಸುಮಾರು 40 ವರ್ಷ ನನ್ನ ಮನೆಯಲ್ಲಿದ್ದು, ನನ್ನಿಂದ ಓದಿಸಿಕೊಳ್ಳದೆ ಉಳಿಯಿತು.

ಈ ಸಲ ಮೊಮ್ಮಗಳೇ ಅದನ್ನು ಆರಿಸಿದಳು, ತೆಳ್ಳಗಿದೆ ಎಂಬ ಕಾರಣಕ್ಕೆ. ಅವಳು ಎಂದಿನಂತೆ ಅಕ್ಷರ ಕೂಡಿಸಿ ಓದತೊಡಗಿದಳು. ಅವಳಿಗೆ ಅರ್ಥವಾಗಲಿಲ್ಲ, ನನಗೂ ಅರ್ಧವೇ ಅರ್ಥವಾಯಿತು. ಆ ಹೊತ್ತಿನಲ್ಲಿ ನಮ್ಮ ಮನೆಯ ಕೆಲಸಕ್ಕೆ ಬರುವ ಹೆಂಗಸು ನೆಲ ಒರೆಸುತ್ತಿದ್ದರು. ಅವರು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯವರು. ಮಹಾದೇವರ ದೇವನೂರೂ ಅದೇ ತಾಲ್ಲೂಕಿನದು. ಆಕೆಗೆ ಓದು ಬರುವುದಿಲ್ಲ. ಕೈಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, “ಅಂಗಲ್ಲ ಕಣವ್ವ, ಉಸ್ರು ಎಳ್ದು ಏಳು. ನಮ್ಮವ್ವ ಕತೆ ಏಳ್ತಿದ್ದುದು ಇಂಗೇಯ” ಎಂದರು. ಮೊಮ್ಮಗಳು ಓದಿದ ಒಂದು ವಾಕ್ಯವನ್ನು ತಾವು ಹೇಳಿ ತೋರಿಸಿದರು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದರು. ನನಗೆ 40 ವರ್ಷ ಬಾಗಿಲು ತೆರೆಯದಿದ್ದ ವಾಕ್ಯ ಆ ಕ್ಷಣದಲ್ಲಿ ತೆರೆಯಿತು. ಅದು ಕಣ್ಣಿಗೆ ಬರೆದ ಗದ್ಯವಲ್ಲ, ಕಿವಿಗೆ ಬರೆದದ್ದು. ಕಣ್ಣು ಕೆಟ್ಟದ್ದರಿಂದ ನಾನು ಅದನ್ನು ಓದುವಂತಾಯಿತು.

ಅಂದಿನಿಂದ ಆಕೆ ಕೆಲಸ ಮುಗಿಸಿ ಅರ್ಧ ಗಂಟೆ ಕೂರುವುದಾಯಿತು. ಕುರ್ಚಿಯ ಮೇಲೆ ಕೂರಿ ಎಂದರೂ ಕೂರಲಿಲ್ಲ. ಕಂಬಕ್ಕೆ ಒರಗಿ ನೆಲದ ಮೇಲೆಯೇ ಕೂತರು. ಮೊಮ್ಮಗಳು ಓದುವಳು, ಆಕೆ ಅರ್ಥ ಹೇಳುವರು, ಕನ್ನಡ ಪಂಡಿತನಾದ ನಾನು ಪಾಠ ಕೇಳುವೆನು. ಕತೆ ಕೇಳುಗರಲ್ಲಿ ಹಲವರಿಗೆ ತಿಳಿದೇ ಇರುತ್ತದೆ. ದಲಿತರ ಹುಡುಗ ಚೆನ್ನ, ಮೇಲುಜಾತಿಯ ಕುಸುಮ, ಅವರಿಬ್ಬರ ಪ್ರೀತಿ, ಚೆನ್ನನ ಕೊಲೆ. ಹೀಗೆ ಹೇಳಿದರೆ ಪತ್ರಿಕೆಯ ಒಂದು ಸುದ್ದಿಯಾದೀತು. ಆದರೆ ಈ ಕಾದಂಬರಿಯಲ್ಲಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುಖದುಃಖ ಮಾತಾಡಿಕೊಳ್ಳುತ್ತವೆ. ಮಲಗುವ ಮಂಚಕ್ಕೂ ಬಾಯಿ ಬರುತ್ತದೆ. ಮನುಷ್ಯರು ಬಾಯಿಬಿಡಲಾರದ ಊರಿನಲ್ಲಿ ವಸ್ತುಗಳು ಮಾತನಾಡುತ್ತವೆ. ಇದನ್ನು ಓದಿ ನನಗೆ ಆಶ್ಚರ್ಯವಾಯಿತು, ಆಕೆಗೆ ಆಗಲಿಲ್ಲ. ಚೆನ್ನನ ಸಾವಿನ ಸಂಗತಿ ಬಂದಾಗಲೂ ಆಗಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಆ ಮಗೀನ ಏನ್ಮಾಡುದ್ರು?” ಸತ್ತವನ ವಿಚಾರ ಆಕೆಗೆ ಮೊದಲೇ ಗೊತ್ತಿತ್ತು, ಉಳಿದ ಕೂಸಿನದೇ ಆಕೆಯ ಚಿಂತೆ. ನನ್ನ ತರಗತಿಯಲ್ಲಿ ಇಷ್ಟು ನೇರವಾದ ವಿಮರ್ಶೆಯ ಪ್ರಶ್ನೆಯನ್ನು ಯಾರೂ ಕೇಳಿದ ನೆನಪಿಲ್ಲ.

ಇಲ್ಲಿ ನನ್ನ ಸ್ವಂತದ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. 1979ರ ಸುಮಾರಿನಲ್ಲಿ ನಾನು ಚಾಮರಾಜನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಗೆ ‘ನನ್ನ ತಾಯಿ’ ಎಂಬ ಪ್ರಬಂಧ ಕೊಟ್ಟೆ. ಹೆಚ್ಚಿನ ಹುಡುಗರು ಗೈಡಿನಿಂದ ನೋಡಿ ಬರೆದರು. ಒಬ್ಬ ಹುಡುಗ ಮಾತ್ರ, ಊರ ಹೊರಗಿನ ಕೇರಿಯಿಂದ ಬರುತ್ತಿದ್ದವನು, ಎರಡೂವರೆ ಪುಟ ತಾನೇ ಬರೆದಿದ್ದ. ಕೂಲಿಗೆ ಹೋದ ತಾಯಿ ಕತ್ತಲಾದ ಮೇಲೆ ಬಂದು ಒಲೆ ಹಚ್ಚುವುದು, ಮಗನಿಗೆ ಕೂಳು ಮಡಗಿ ತಾನು ನೀರು ಕುಡಿದು ಮಲಗುವುದು, ಇದನ್ನೆಲ್ಲ ತನ್ನ ಮನೆಯ ಮಾತಿನಲ್ಲಿಯೇ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ಕೂಳು’ ಎಂಬುದನ್ನು ಹೊಡೆದು ‘ಊಟ’ ಎಂದು ಬರೆದೆ. ‘ಮಡಗಿ’ ಎಂಬುದನ್ನು ಹೊಡೆದು ‘ಇಟ್ಟು’ ಎಂದು ಬರೆದೆ. ಅಂಚಿನಲ್ಲಿ ‘ಗ್ರಾಮ್ಯ’, ‘ಗ್ರಾಮ್ಯ’ ಎಂದು ಬರೆಯುತ್ತ ಹೋದೆ. ಅಷ್ಟಕ್ಕೇ ಬಿಡಲಿಲ್ಲ. ಹೇಗೆ ಬರೆಯಬಾರದು ಎಂಬುದಕ್ಕೆ ನಿದರ್ಶನವಾಗಿ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮಕ್ಕಳು ನಕ್ಕರು. ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಆಮೇಲೆ ಅವನು ಬಹಳ ಬೇಗ ತಿದ್ದಿಕೊಂಡ. ಅವನ ಪ್ರಬಂಧಗಳಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಹತ್ತು ವಾಕ್ಯ ಎಂದರೆ ಹತ್ತೇ ವಾಕ್ಯ, ಗೈಡಿನಲ್ಲಿದ್ದಂತೆ. ಎರಡೂವರೆ ಪುಟ ಅವನು ಮತ್ತೆಂದೂ ಬರೆಯಲಿಲ್ಲ. ನಾನು ಅದನ್ನು ನನ್ನ ಪಾಠದ ಯಶಸ್ಸೆಂದು ಭಾವಿಸಿದೆ.

‘ಮಡಗು’ ಎಂಬುದು ಅಚ್ಚಗನ್ನಡದ ಧಾತು. ನಮ್ಮ ಹಳೆಯ ಕಾವ್ಯಗಳಲ್ಲಿದೆ, ನಿಘಂಟುಗಳಲ್ಲಿದೆ. ‘ಕೂಳು’ ಎಂಬುದು ಹಳಗನ್ನಡದಲ್ಲಿ ಅನ್ನಕ್ಕೆ ಇದ್ದ ಮರ್ಯಾದೆಯ ಹೆಸರು. ನಾವು ಅದನ್ನು ಬೈಗುಳವಾಗಿ ಮಾಡಿಕೊಂಡೆವು. ನಾನು ಇದನ್ನು ಅರಿಯದವನಲ್ಲ. ಹತ್ತನೆಯ ತರಗತಿಗೆ ಹಳಗನ್ನಡದ ಪದ್ಯ ಪಾಠ ಮಾಡುವಾಗ ಇಂಥ ಮಾತುಗಳು ಬಂದರೆ, “ಎಂಥ ಪ್ರಾಚೀನ ರೂಪ ನೋಡಿ” ಎಂದು ತಲೆದೂಗಿ ಹೇಳುತ್ತಿದ್ದೆ. ಕವಿಯ ಬಾಯಲ್ಲಿ ಪ್ರಾಚೀನವಾದದ್ದು ಹುಡುಗನ ಬಾಯಲ್ಲಿ ಗ್ರಾಮ್ಯವಾಯಿತು. ಇದರಲ್ಲಿ ವ್ಯಾಕರಣವೆಷ್ಟು, ಬೇರೆಯ ವಿಚಾರವೆಷ್ಟು ಎಂಬುದನ್ನು ನಾನು ಅಂದು ಕೇಳಿಕೊಳ್ಳಲಿಲ್ಲ. ‘ಕುಸುಮಬಾಲೆ’ ಕೇಳಿದ ಮೇಲೆ ಕೇಳಿಕೊಳ್ಳದೆ ಇರಲಾಗಲಿಲ್ಲ. ಗ್ರಂಥಭಾಷೆಯನ್ನು ಕಲಿಸಬಾರದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಅದು ಬೇಕು, ಊರು ಬಿಟ್ಟು ಊರಿಗೆ ಹೋಗಿ ಬದುಕುವುದಕ್ಕೂ ಬೇಕು. ಆದರೆ ಒಂದನ್ನು ಕೊಡುವುದಕ್ಕೆ ಇನ್ನೊಂದನ್ನು ಹೊಡೆದುಹಾಕಬೇಕಾಗಿರಲಿಲ್ಲ. “ಇದು ನಿಮ್ಮ ಮನೆಯ ಮಾತು, ಸೊಗಸಾಗಿದೆ, ಇದನ್ನೇ ಪರೀಕ್ಷೆಯಲ್ಲಿ ಹೀಗೆ ಬರೆ” ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಹೊಸ ಕನ್ನಡಕ ಬಂದ ಮೇಲೆ ನಾನೇ ಕಣ್ಣಾರೆ ಓದಿದ ಮೊದಲ ಪುಸ್ತಕ ಬಾನು ಮುಷ್ತಾಕ್ ಅವರ ಕತೆಗಳು. ಇಲ್ಲಿಯೂ ಒಂದು ನಾಚಿಕೆಯ ಸಂಗತಿಯಿದೆ. ಹಾಸನ ನಮ್ಮ ಮೈಸೂರಿನಿಂದ ಮೂರು ಗಂಟೆಯ ಬಸ್ಸಿನ ದಾರಿ. ಅಲ್ಲಿ ವಕೀಲರಾಗಿ, ಬಂಡಾಯ ಸಾಹಿತ್ಯದವರ ಜೊತೆ ನಿಂತು, ದಶಕಗಳ ಕಾಲ ಕತೆ ಬರೆದ ಈ ಲೇಖಕಿಯ ಒಂದೆರಡು ಕತೆಗಳನ್ನಷ್ಟೇ ನಾನು ವಿಶೇಷಾಂಕಗಳಲ್ಲಿ ಓದಿದ್ದೆ. ದೀಪಾ ಭಾಸ್ತಿಯವರು ಆ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಕನ್ನಡದ ಕೃತಿಯೊಂದಕ್ಕೆ ಈ ಬಹುಮಾನ ಬಂದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಅದರ ನಂತರ ನಾನು ಮೂಲ ಕನ್ನಡ ಕತೆಗಳನ್ನು ಕೊಂಡು ತಂದೆ. ಪಕ್ಕದ ಜಿಲ್ಲೆಯ ಹಣತೆಯನ್ನು ಲಂಡನ್ನಿನವರು ತೋರಿಸಬೇಕಾಯಿತು.

‘ಎದೆಯ ಹಣತೆ’ ಎಂಬ ಕತೆಯನ್ನು ಮೊದಲು ಓದಿದೆ. ಗಂಡನು ಬೇರೊಬ್ಬಳ ಹಿಂದೆ ಹೋದಾಗ ಮೆಹರುನ್ ಎಂಬ ಹೆಂಗಸು ಕೈಗೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರಿಗೆ ಅವಳ ದುಃಖಕ್ಕಿಂತ ಮನೆತನದ ಮಾನ ದೊಡ್ಡದು. ಅವಳನ್ನು ಮತ್ತೆ ಅಲ್ಲಿಗೇ ತಂದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಅವಳನ್ನು ಬದುಕಿಗೆ ಎಳೆಯುವುದು ಗಂಡನಲ್ಲ, ಅಣ್ಣತಮ್ಮಂದಿರಲ್ಲ, ಹಿರಿಯ ಮಗಳು. ಕತೆ ಒಂದು ಸಮುದಾಯದ ಮನೆಯಲ್ಲಿ ನಡೆಯುತ್ತದೆ, ನಿಜ. ಓದುವಾಗ ನನಗೆ ನೆನಪಾದದ್ದು ನಮ್ಮದೇ ಬಂಧುಬಳಗದ ಒಬ್ಬ ಹೆಣ್ಣುಮಗಳು. ಅವಳೂ ಹೀಗೆಯೇ ಒಂದು ಮಧ್ಯಾಹ್ನ ತವರಿಗೆ ಬಂದಳು. ಅವಳಿಗೂ ನಾವು ಹಿರಿಯರೆಲ್ಲ ಸೇರಿ ಬುದ್ಧಿ ಹೇಳಿ, ಕುಂಕುಮ ಕೊಟ್ಟು, ಬಸ್ಸು ಹತ್ತಿಸಿದೆವು. ಇದಕ್ಕಿಂತ ಹೆಚ್ಚಾಗಿ ಆ ಕತೆಯ ಬಗ್ಗೆ ನಾನು ಹೇಳಬೇಕಾದದ್ದಿಲ್ಲ. ಕೆಲವು ಕತೆಗಳಲ್ಲಿ ಲೇಖಕಿಯೊಳಗಿನ ವಕೀಲರು ಮುಂದೆ ಬಂದು ವಾದ ಮಂಡಿಸುತ್ತಾರೆ. ಆಗ ಕತೆ ಸ್ವಲ್ಪ ಹಿಂದೆ ಸರಿಯುತ್ತದೆ. ಆದರೆ ಆ ವಾದ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ.

ಅನುವಾದದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ದೀಪಾ ಭಾಸ್ತಿಯವರು ಕನ್ನಡದ, ಉರ್ದುವಿನ, ಅರಬ್ಬಿಯ ಎಷ್ಟೋ ಮಾತುಗಳನ್ನು ಇಂಗ್ಲಿಷಿನ ನಡುವೆ ಹಾಗೆಯೇ ಉಳಿಸಿದ್ದಾರೆ. ಓರೆ ಅಕ್ಷರವಿಲ್ಲ, ಅಡಿಟಿಪ್ಪಣಿಯಿಲ್ಲ. ಓದುವವನು ಅವುಗಳ ಬಳಿಗೆ ಬರಲಿ ಎಂಬ ನಿಲುವು. ಬಹುಮಾನದ ಹಣವೂ ಲೇಖಕಿಗೂ ಅನುವಾದಕಿಗೂ ಸಮನಾಗಿ ಸಲ್ಲುತ್ತದೆ. ಪರದೇಶದ ಓದುಗರ ಮುಂದೆ ಹೋದಾಗಲೂ ಆ ಮನೆಯ ಮಾತುಗಳ ಮೇಲೆ ಯಾರೂ ಕೆಂಪು ಶಾಯಿ ಎಳೆಯಲಿಲ್ಲ ಎಂಬುದನ್ನು ನೋಡಿ ನನಗೆ ಆ ಎರಡೂವರೆ ಪುಟದ ಪ್ರಬಂಧ ಮತ್ತೆ ನೆನಪಿಗೆ ಬಂತು.

ಇಷ್ಟು ಪುಸ್ತಕಗಳು. ಒಂದು ಸಸ್ಯಶಾಸ್ತ್ರದ್ದು, ಒಂದು ವ್ಯಕ್ತಿಚಿತ್ರಗಳದು, ಒಂದು ಆತ್ಮಕಥೆ, ಒಂದು ಕಾದಂಬರಿ, ಒಂದು ಕತೆಗಳದು. ಇವನ್ನು ನಾನು ಯಾವ ಯೋಜನೆಯನ್ನೂ ಹಾಕಿಕೊಂಡು ಆರಿಸಲಿಲ್ಲ. ಕೈಗೆ ಬಂದಂತೆ ಬಂದವು. ಆದರೂ ಕೊನೆಗೆ ನೋಡಿದರೆ ಒಂದು ಪುಸ್ತಕ ಎತ್ತಿದ ಪ್ರಶ್ನೆಯನ್ನೇ ಇನ್ನೊಂದು ಮುಂದುವರಿಸಿದಂತೆ ತೋರುತ್ತದೆ. “ಯಾವುದು ತಾತ ನಮ್ಮದು?” ಎಂದು ಮೊಮ್ಮಗಳು ಮೊದಲ ದಿನ ಕೇಳಿದಳಲ್ಲ, ಅದಕ್ಕೆ ನಾನು ಈಗ ಕೊಡಬಹುದಾದ ಉತ್ತರ ಇಷ್ಟೇ. ಹೊರಗಿನಿಂದ ಬಂದ ಮೆಣಸಿನಕಾಯಿಯನ್ನು ನಮ್ಮದೆಂದು ಉಂಡವರು ನಾವು. ಊರಿನಲ್ಲಿಯೇ ಇದ್ದ ಮಾತನ್ನು ನಮ್ಮದಲ್ಲವೆಂದು ಹೊಡೆದುಹಾಕಿದವರೂ ನಾವೇ. ಮೊದಲನೆಯದು ನಮಗೆ ಸಾಧ್ಯವಾಗಿದ್ದರೆ ಎರಡನೆಯದನ್ನು ತಿದ್ದಿಕೊಳ್ಳುವುದೂ ಅಸಾಧ್ಯವಲ್ಲ.

ಈಗಲೂ ನಮ್ಮ ಮನೆಯಲ್ಲಿ ಸಂಜೆಯ ಓದು ನಡೆದಿದೆ. ನನ್ನ ಕಣ್ಣು ಸರಿಯಾದ ಮೇಲೂ ಮೊಮ್ಮಗಳು ಬಿಟ್ಟಿಲ್ಲ. ಅವಳ ಓದು ಈಗ ಓಡುತ್ತದೆ. ಉಸಿರೆಳೆದು ಓದುವುದನ್ನೂ ಕಲಿತಿದ್ದಾಳೆ. ಕಲಿಸಿದವರು ನಾನಲ್ಲ.

ಕೊನೆಯದಾಗಿ ಒಂದು ಮಾತು. ಆ ಹುಡುಗ ಈಗ ಅರವತ್ತರ ಸಮೀಪದಲ್ಲಿರಬೇಕು. ಎಲ್ಲಿದ್ದಾನೆಂಬುದು ನನಗೆ ತಿಳಿಯದು. ವಿಚಾರಿಸಿದೆ, ಸುಳಿವು ಸಿಕ್ಕಲಿಲ್ಲ. ರೇಡಿಯೋದ ದನಿ ಎಲ್ಲೆಲ್ಲಿಗೋ ಹೋಗುತ್ತದೆ. ಯಾವುದಾದರೂ ಮನೆಯಲ್ಲಿ, ಅಂಗಡಿಯಲ್ಲಿ ಅವನ ಕಿವಿಗೆ ಬಿದ್ದರೂ ಬೀಳಬಹುದು. ಬಿದ್ದರೆ ಅವನಿಗೆ ಹೇಳುವುದು ಇಷ್ಟು: ನಿನ್ನ ಪ್ರಬಂಧದಲ್ಲಿ ತಪ್ಪಿರಲಿಲ್ಲಪ್ಪ. ತಪ್ಪು ತಿದ್ದಿದವನದು. ನಿನ್ನ ತಾಯಿ ಕೂಳು ಮಡಗಿ ಕಾದದ್ದನ್ನು ಇನ್ನೊಂದು ಸಲ ಬರೆ. ಈ ಸಲ ನಾನು ಓದುತ್ತೇನೆ.



(ಆಕಾಶವಾಣಿಯ ಕೃಪೆಯಿಂದ)